ಪೂರ್ವಜರ ಊರುಗಳೂ ಶರಣಧರ್ಮವೂ

ಲಿಂಗದೀಕ್ಷೆಯನ್ನು ಪಡೆದವನಿಗೆ ಗುರುವೇ ತಂದೆ. ಗುರುವಿನ ಕರದಲ್ಲಿ ಹುಟ್ಟಿದವನಿಗೆ ಹಿಂದಣ ಜಾತಿಯೆಂಬುದಿಲ್ಲ. ಇದು ಶರಣರು ನಮಗೆ ಬಿಟ್ಟುಹೋದ ಮುಖ್ಯ ಬೋಧೆಗಳಲ್ಲಿ ಒಂದು. ಹೀಗಿರುವಲ್ಲಿ ಸದ್ಭಕ್ತನಾದ ಗೃಹಸ್ಥನು ತನ್ನ ಅಜ್ಜ ಮುತ್ತಜ್ಜಂದಿರು ಯಾವ ಯಾವ ಊರುಗಳಲ್ಲಿ ಬಾಳಿದರು, ಎಲ್ಲಿಂದ ಎಲ್ಲಿಗೆ ಬಂದರು ಎಂದು ಅರಸಿಕೊಂಡು ಹೋಗುವುದು ಯುಕ್ತವೇ? ಅದು ಬಿಟ್ಟ ಕುಲವನ್ನು ಮರಳಿ ಹಿಡಿದಂತಾಗದೇ? ಈ ಪ್ರಶ್ನೆಯನ್ನು ನಾನು ಕೇವಲ ಚರ್ಚೆಗಾಗಿ ಎತ್ತುತ್ತಿಲ್ಲ. ಶಾಮನೂರಿನ ಒಂದು ಮನೆಯಲ್ಲಿ ಇದು ಎದ್ದಿತು. ಅದಕ್ಕೆ ನಾನು ಮೊದಲು ಕೊಟ್ಟ ಉತ್ತರವು ತಪ್ಪಾಗಿತ್ತು. ಆದಕಾರಣ ಈ ಕೆಲವು ಮಾತುಗಳನ್ನು ಸದ್ಭಕ್ತರ ಮುಂದಿಡುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ "ನಿಮ್ಮ ಮೂಲ ಊರು ಯಾವುದು?" ಎಂದು ಕೇಳದ ಮನೆಯಿಲ್ಲ. ಅದಕ್ಕೆ ಕಾರಣವೂ ಉಂಟು. ದಾವಣಗೆರೆಯು ಒಂದು ಕಾಲದಲ್ಲಿ ಬೇತೂರಿಗೆ ಹೊಂದಿಕೊಂಡಿದ್ದ ಸಣ್ಣ ಹಳ್ಳಿ. ಹೈದರಾಲಿಯು ಅದನ್ನು ಅಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದನು. ಮುಂದೆ ಹತ್ತಿಯ ವ್ಯಾಪಾರ, ಗಿರಣಿಗಳು, 1960ರ ದಶಕದಲ್ಲಿ ಭದ್ರಾ ನಾಲೆಯ ನೀರು, ಇವೆಲ್ಲ ಸುತ್ತಲಿನ ಊರುಗಳಿಂದ ಜನರನ್ನು ಸೆಳೆದವು. ಶಾಮನೂರು ಇಂದು ನಗರದೊಳಗೇ ಸೇರಿಹೋಗಿದೆ. ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಬೀದಿಗಳಿವೆ. ಈ ಬೀದಿಗಳಲ್ಲಿ ವಾಸಿಸುವವರಲ್ಲಿ ಅನೇಕರ ಮುತ್ತಜ್ಜಂದಿರು ಇಲ್ಲಿಯವರಲ್ಲ.

ಇಂಥವರ ಪೂರ್ವಕಥೆಯನ್ನು ಯಾರು ನೆನಪಿಟ್ಟಿದ್ದಾರೆ? ಸಮೀಪದ ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿಗೆ ಹೊಯ್ಸಳ ದಂಡನಾಯಕ ಪೋಲಾಳ್ವನು ಕಟ್ಟಿಸಿದನೆಂದು ತಿಳಿದಿದೆ. ಆ ದೇವಾಲಯಕ್ಕೆ ಕಲ್ಲು ಹೊತ್ತವನ ಹೆಸರು ತಿಳಿದಿಲ್ಲ. ಶ್ರಾದ್ಧವನ್ನು ಆಚರಿಸುವವರು ವರ್ಷಕ್ಕೊಮ್ಮೆಯಾದರೂ ಮೂರು ತಲೆಮಾರುಗಳ ಹೆಸರನ್ನು ಉಚ್ಚರಿಸುತ್ತಾರೆ. ಶರಣರ ಮಾರ್ಗವು ಶ್ರಾದ್ಧವನ್ನು ಒಪ್ಪದುದರಿಂದ ನಮ್ಮಲ್ಲಿ ಆ ಅನುಕೂಲವೂ ಇಲ್ಲ. ಶಾನುಭೋಗಿಕೆಯು 1961ರ ಶಾಸನದಿಂದ ರದ್ದಾದ ಮೇಲೆ ಎಷ್ಟೋ ಮನೆಗಳ ಹಳೆಯ ಕಡತಗಳೂ ಚೆದರಿಹೋದವು.

ಆದರೂ ನಮ್ಮ ನಾಡಿನಲ್ಲಿ ಈ ಕೆಲಸಕ್ಕೆಂದೇ ಒಂದು ಸಮುದಾಯವುಂಟು. ಅವರೇ ಹೆಳವರು. ಹೆಳವನೆಂದರೆ ಕಾಲಿಲ್ಲದವನು ಎಂದರ್ಥ. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ಕೆಲವು ವರ್ಷಗಳಿಗೊಮ್ಮೆ ಒಕ್ಕಲುಮನೆಗಳ ಬಾಗಿಲಿಗೆ ಬಂದು, ಮೂಲಪುರುಷನಿಂದ ಮೊದಲ್ಗೊಂಡು ಮನೆತನದ ಹೆಸರುಗಳನ್ನೂ, ಬಿಟ್ಟುಬಂದ ಊರುಗಳನ್ನೂ, ಮನೆದೇವರನ್ನೂ ಹೇಳುವುದು ಅವರ ವೃತ್ತಿ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ಸೇರಿಸಿಕೊಂಡು, ಕೊಟ್ಟ ಧಾನ್ಯ ವಸ್ತ್ರಗಳನ್ನು ಸ್ವೀಕರಿಸಿ ಮುಂದಿನ ಊರಿಗೆ ಹೋಗುತ್ತಾರೆ. ಇಂದು ಎತ್ತಿನ ಬದಲು ವಾಹನ ಬಂದಿರಬಹುದು, ಓಲೆಯ ಬದಲು ಕಾಗದದ ಹೊತ್ತಗೆ ಬಂದಿದೆ, ಕಾಯಕವು ಅದೇ.

ನಾನು ಹೇಳಬೇಕೆಂದಿರುವ ಗೃಹಸ್ಥರು ಮಠದ ಶಾಲೆಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವರು. ನಿತ್ಯವೂ ಲಿಂಗಪೂಜೆ ತಪ್ಪದ ಮನೆ. ಮಗಳಿಗೆ ವರ ಗೊತ್ತಾಗುತ್ತಿದ್ದ ಕಾಲದಲ್ಲಿಯೇ ಹೆಳವನು ಅವರ ಮನೆಗೆ ಬಂದನು. ಬೀಗರಾಗಲಿದ್ದವರು ಮೂಲ ಊರನ್ನೂ ಬೆಡಗನ್ನೂ ಕೇಳಿ ಕಳುಹಿಸಿದ್ದರು. ಇವರು ಸಂತೋಷದಿಂದ ಹೊತ್ತಗೆಯನ್ನು ಬಿಚ್ಚಿಸಿದರು. ನಾಲ್ಕು ಊರುಗಳ ಹೆಸರು ಬಂದವು. ಕೊನೆಯದು ಶಾಮನೂರು. ಅದಕ್ಕೆ ಹಿಂದಿನದು ತುಂಗಭದ್ರೆಯ ದಡದ ಒಂದು ಹಳ್ಳಿ. ಧಾತು ಸಂವತ್ಸರದ ಬರದಲ್ಲಿ ಕುಟುಂಬವು ಅಲ್ಲಿಗೆ ಬಂದು ಒಬ್ಬ ರೈತನ ಹಟ್ಟಿಯಲ್ಲಿ ಆಶ್ರಯ ಪಡೆದಿತ್ತು. ಎಲ್ಲಕ್ಕೂ ಮೊದಲಿನ ಊರಿನ ಮುಂದೆ ಬರೆದಿದ್ದುದು ಇಷ್ಟು: ಮೂಲಪುರುಷನು ಬಾವಿಯ ಕಪಿಲೆಗೆ ತೊಗಲಿನ ಚೀಲ ಹೊಲಿಯುವ ಕಾಯಕದವನು, ಜಂಗಮರಿಂದ ದೀಕ್ಷೆ ಪಡೆದು ಭಕ್ತನಾದನು.

ಗೃಹಸ್ಥರ ಮುಖ ಬಾಡಿತು. "ಈ ಸಾಲನ್ನು ಬಿಟ್ಟುಬಿಡು, ಬೇಕಾದಷ್ಟು ಕೊಡುತ್ತೇನೆ" ಎಂದರಂತೆ. ಹೆಳವನು, "ಯಜಮಾನರೇ, ಬರೆದವರು ನನ್ನ ಹಿರಿಯರು, ನಾನು ಓದುವವನು. ಈ ಸಾಲು ಹೋದರೆ ಇದರ ಕೆಳಗಿನವರೆಲ್ಲ ಯಾರಿಂದ ಬಂದರೆಂದು ಹೇಳಲಿ?" ಎಂದು ಹೊತ್ತಗೆ ಮುಚ್ಚಿದನು.

ಅದೇ ಸಂಜೆ ಅವರು ನನ್ನಲ್ಲಿಗೆ ಬಂದರು. ನಾನು ಶಾಸ್ತ್ರದ ಆಧಾರದಿಂದಲೇ ಸಮಾಧಾನ ಹೇಳಿದೆ. "ದೀಕ್ಷೆಯಾದ ಬಳಿಕ ಪೂರ್ವಜಾತಿಯನ್ನು ನೆನೆಯುವುದೇ ಪಾತಕ. ಆದ್ದರಿಂದ ಅದನ್ನು ಹೇಳದಿರುವುದೇ ಧರ್ಮ. ಮೂಲ ಊರು ಶಾಮನೂರೆಂದೇ ಹೇಳಿರಿ" ಎಂದೆ. ಅವರು ನಮಸ್ಕರಿಸಿ ಹೋದರು. ನನ್ನ ಉತ್ತರವು ಸಮಂಜಸವೆಂದೇ ನಾನು ತಿಳಿದಿದ್ದೆ.

ಅವರಿಗೆ ಸಮಾಧಾನವಾಗಿರಲಿಲ್ಲ. ಬೀಗರಿಗೆ ಉತ್ತರವನ್ನು ತಡೆಹಿಡಿದು, ಯಾರಿಗೂ ಹೇಳದೆ ಆ ಊರುಗಳನ್ನು ನೋಡಲು ಹೊರಟರು. ಹೊಳೆಯ ದಡದ ಹಳ್ಳಿಯಲ್ಲಿ, ಬರಗಾಲದಲ್ಲಿ ಆಶ್ರಯ ಕೊಟ್ಟಿದ್ದ ರೈತನ ವಂಶದವರು ಇನ್ನೂ ಇದ್ದರು. ಅವರ ಹೊಲದ ನಡುವೆ ಒಂದು ಮಣ್ಣಿನ ದಿಬ್ಬ. ಉಳುವಾಗ ನೇಗಿಲನ್ನು ಅದರ ಸುತ್ತ ತಿರುಗಿಸಿಕೊಂಡು ಹೋಗುತ್ತಾರೆ. ಯಾರದೆಂದು ಅವರಿಗೆ ಗೊತ್ತಿಲ್ಲ. ಬರಗಾಲದಲ್ಲಿ ಬಂದ ಶರಣಜ್ಜನ ಗದ್ದುಗೆ ಎಂದಷ್ಟೇ ಹಿರಿಯರು ಹೇಳಿದ್ದಾರೆ. ಸೀಗೆ ಹುಣ್ಣಿಮೆಯ ದಿನ ಹೊಲಕ್ಕೆ ಚರಗ ಚೆಲ್ಲುವಾಗ ಮೊದಲ ತುತ್ತನ್ನು ಅಲ್ಲಿ ಇಡುತ್ತಾರೆ.

ಹಿಂದಿರುಗಿ ಬಂದು ಅವರು ನನ್ನನ್ನು ಕೇಳಿದುದು ಒಂದೇ ಮಾತು: "ಗುರುಗಳೇ, ಪರರು ಎಡೆಯಿಡುವ ನನ್ನ ಹಿರಿಯನನ್ನು ನಾನು ಅಳಿಸಲೇ?"

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಧಾತು ಈಶ್ವರ ಸಂವತ್ಸರಗಳೆಂದರೆ 1876ರಿಂದ 1878ರವರೆಗಿನ ಮಹಾಕ್ಷಾಮ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆಯು 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ತಮಗೇ ಅನ್ನವಿಲ್ಲದ ಆ ಕಾಲದಲ್ಲಿ ಬಂದವರನ್ನು ಒಳಗೆ ಕರೆದ ರೈತನು ಅವರ ಕುಲವನ್ನು ಕೇಳಿದ್ದನೇ? ಕೇಳದೆ ಅನ್ನವಿಟ್ಟ ಆ ಮನೆಯವರ ಮುಂದೆ, ಬಾಯಿ ಮುಚ್ಚಿಕೊಂಡಿರೆಂದು ಬೋಧಿಸಿದ ನಾನು ಎಲ್ಲಿ ನಿಲ್ಲುತ್ತೇನೆ?

ನನ್ನ ತಪ್ಪು ಎಲ್ಲಿತ್ತೆಂಬುದನ್ನು ವಿಚಾರಿಸಿದೆ. ಭಕ್ತನ ಪೂರ್ವಜಾತಿಯನ್ನು ಅರಸಬಾರದೆಂಬ ನಿಯಮವು ಕೇಳುವವನಿಗೆ ವಿಧಿಸಿದುದು. ಕೇಳಿಸಿಕೊಳ್ಳುವವನು ನಾಚಿ ಮುಚ್ಚಿಡಬೇಕೆಂದು ವಿಧಿಸಿದುದಲ್ಲ. ಕುಲವನ್ನು ಮರೆಯುವುದು ಬೇರೆ, ಅಡಗಿಸುವುದು ಬೇರೆ. ಮರೆತವನಿಗೆ ಕುಲವಿಲ್ಲ. ಅಡಗಿಸಿದವನ ಮನಸ್ಸಿನಲ್ಲಿ ಅದು ಹಗಲಿರುಳು ಎಚ್ಚರವಾಗಿಯೇ ಇರುತ್ತದೆ. ಅದು ಕೀಳೆಂದು ಅವನು ಒಪ್ಪಿಕೊಂಡಂತೆಯೂ ಆಗುತ್ತದೆ. ನಾನು ಶರಣರ ಬೋಧೆಯನ್ನು ಭಯಕ್ಕೆ ಹೊದಿಕೆಯನ್ನಾಗಿ ಮಾಡಿದ್ದೆ.

ಶರಣರು ತಮ್ಮ ಕಾಯಕವನ್ನು ಅಡಗಿಸಲಿಲ್ಲ, ಹೆಸರಿನ ಮುಂದೆಯೇ ಇಟ್ಟುಕೊಂಡರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ, ಇವು ಕರೆಯಲು ಅಂಜುವ ಹೆಸರುಗಳಲ್ಲ. ಸ್ವಯಂ ಬಸವಣ್ಣನವರು ತಮ್ಮ ಜನ್ಮಕುಲವನ್ನು ಬದಿಗಿರಿಸಿ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಮೊದಲಾದವರ ಬಳಗದವನು ತಾನೆಂದು ಹೇಳಿಕೊಂಡರು. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹಕ್ಕಾಗಿ ಆ ತಂದೆಗಳಿಬ್ಬರೂ ಪ್ರಾಣವನ್ನೇ ತೆತ್ತರೆಂದು ನಮ್ಮ ಪರಂಪರೆಯು ಹೇಳುತ್ತದೆ. ಆ ಬಳಿಕ ಶರಣರು ಊರೂರಿಗೆ ಚೆದರಿದರು. ಚೆನ್ನಬಸವಣ್ಣನವರು ಉಳವಿಯನ್ನು ಸೇರಿದರು. ನಮ್ಮ ಧರ್ಮದ ಚರಿತ್ರೆಯೇ ಊರು ಬಿಟ್ಟು ಊರಿಗೆ ಹೋದವರ ಚರಿತ್ರೆ. ಹರಳಯ್ಯನನ್ನು ಪುರಾಣದಲ್ಲಿ ಕೇಳಿ ಕಣ್ಣೀರಿಡುವ ನಾವು, ಹರಳಯ್ಯನ ಕಾಯಕದ ಅಜ್ಜನು ನಮ್ಮ ಮನೆಯಲ್ಲಿಯೇ ಇದ್ದನೆಂದು ತಿಳಿದಾಗ ಹೊತ್ತಗೆಯನ್ನು ಮುಚ್ಚಿಸುವುದು ಯಾವ ಭಕ್ತಿ?

ಹಾಗಾದರೆ ಪೂರ್ವಜರ ಊರುಗಳನ್ನು ಅರಸಬಹುದೇ? ಅರಸುವವನ ಉದ್ದೇಶವನ್ನು ನೋಡಿ ಉತ್ತರಿಸಬೇಕು. ದೇಸಾಯರ ಮನೆ ಸಿಕ್ಕೀತೆಂದು ಹೊರಟರೆ ಅದು ಕುಲಾಭಿಮಾನ. ದೀಕ್ಷೆಯಲ್ಲಿ ಬಿಟ್ಟ ಹೊರೆಯನ್ನು ಮರಳಿ ಹೊತ್ತಂತೆ. ಯಾರ ಅನ್ನವನ್ನುಂಡು, ಯಾರ ನೆಲದಲ್ಲಿ ದುಡಿದು, ಯಾವ ಗುರುವಿನ ಕೃಪೆಯಿಂದ ಈ ವಂಶವು ಉಳಿಯಿತೆಂದು ತಿಳಿಯಲು ಹೊರಟರೆ ಅದು ಋಣಸ್ಮರಣೆ. ದೀಕ್ಷೆಯು ಕುಲದ ಹೆಮ್ಮೆಯನ್ನೂ ನಾಚಿಕೆಯನ್ನೂ ಕಳೆಯುತ್ತದೆ, ಋಣವನ್ನು ಕಳೆಯುವುದಿಲ್ಲ. ಋಣವು ದಾಸೋಹದಿಂದ ತೀರಬೇಕಾದುದು.

ಮುಂದೆ ನಡೆದುದನ್ನೂ ಹೇಳಬೇಕು. ಗೃಹಸ್ಥರು ನಾಲ್ಕು ಊರುಗಳ ಹೆಸರನ್ನೂ ಬೀಗರಾಗಲಿದ್ದವರಿಗೆ ಇದ್ದಂತೆಯೇ ತಿಳಿಸಿದರು. ಒಂದು ತಿಂಗಳು ಉತ್ತರ ಬರಲಿಲ್ಲ. ಬಳಿಕ ಜಾತಕ ಕೂಡಲಿಲ್ಲವೆಂಬ ಮಾತು ಬಂತು. ಮನೆಯ ತಾಯಿಯು ಬಹಳ ನೊಂದರು. ನನ್ನನ್ನು ಕಂಡರೆ ಈಗಲೂ ಮಾತು ಕಡಿಮೆ. ಅವರ ದುಃಖವು ಅಲ್ಪವೆಂದು ನಾನು ಹೇಳಲಾರೆ. ಮಗಳು ಮಾತ್ರ, "ಅಪ್ಪಾಜಿ, ಅವರು ಮದುವೆಯಾದ ಮೇಲೆ ತಿಳಿದುಕೊಂಡಿದ್ದರೆ ನಾನೇನು ಮಾಡಬೇಕಿತ್ತು?" ಎಂದಳಂತೆ. ಆ ವರ್ಷದ ಸೀಗೆ ಹುಣ್ಣಿಮೆಗೆ ತಂದೆ ಮಗಳಿಬ್ಬರೂ ಹೊಳೆಯ ದಡದ ಆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಆ ರೈತರ ಮನೆಯವರೊಡನೆ ಕುಳಿತು ಉಂಡು ಬಂದರು.

ಸತ್ಯವನ್ನು ಹೇಳಿದ ಮನೆಯು ನಷ್ಟವನ್ನು ಅನುಭವಿಸಿತು. ಈ ನಷ್ಟಕ್ಕೆ ಕಾರಣರು ಯಾರು? ಬಸವ ಜಯಂತಿಯನ್ನು ಹರ್ಡೇಕರ ಮಂಜಪ್ಪನವರು 1913ರಲ್ಲಿ ಸಾರ್ವಜನಿಕವಾಗಿ ಆರಂಭಿಸಿದುದು ಇದೇ ದಾವಣಗೆರೆಯಲ್ಲಿ. ಆ ಊರಿನ ನಾವು ಮೆರವಣಿಗೆಯಲ್ಲಿ ಜಯಘೋಷ ಮಾಡಿ, ಮನೆಗೆ ಬಂದು ವರನ ಒಳಪಂಗಡವನ್ನು ವಿಚಾರಿಸುತ್ತೇವೆ. ವಚನಗಳನ್ನು ಕಂಠಪಾಠ ಮಾಡಿಸುವ ನನ್ನಂಥ ಉಪಾಧ್ಯಾಯರೂ ಆ ವಿಚಾರಣೆಗೆ ಅನುಕೂಲವಾದ ಉತ್ತರವನ್ನು ಹೇಳಿಕೊಡುತ್ತೇವೆ. ಈ ದೋಷದಲ್ಲಿ ನನ್ನ ಪಾಲು ದೊಡ್ಡದು.

ಆದ್ದರಿಂದ ಸದ್ಭಕ್ತರಲ್ಲಿ ನನ್ನ ಬಿನ್ನಹವಿಷ್ಟೆ. ಹೆಳವನು ಬಂದರೆ ಆದರದಿಂದ ಕೂರಿಸಿ, ಓದಿಸಿರಿ. ಮಕ್ಕಳನ್ನೂ ಸೊಸೆಯಂದಿರನ್ನೂ ಕರೆದು ಕೇಳಿಸಿರಿ. ಹಿರಿಯರಿದ್ದ ಊರುಗಳಿಗೆ ಒಮ್ಮೆ ಹೋಗಿಬನ್ನಿರಿ. ಅಲ್ಲಿಯ ಜಗುಲಿಯ ಮೇಲೆ ಹಳೆಯ ಓಲೆಕಟ್ಟುಗಳಿದ್ದರೆ ತಿಳಿದವರಿಗೆ ತೋರಿಸಿರಿ, ಫ. ಗು. ಹಳಕಟ್ಟಿಯವರು ಇಂಥ ಮನೆಮನೆಗಳ ಓಲೆಗಳನ್ನು ಕೂಡಿಸಿದ್ದರಿಂದಲೇ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ನಾಡಿಗೆ ದೊರಕಿತು. ಕಂಡುದನ್ನು ಕಂಡಂತೆ ಬರೆದಿಡಿರಿ, ಒಂದು ಸಾಲನ್ನೂ ಅಳಿಸಬೇಡಿರಿ. ಇನ್ನೊಬ್ಬರ ಹೊತ್ತಗೆಯನ್ನು ಮಾತ್ರ ಕುಲದ ಸಲುವಾಗಿ ಬಿಚ್ಚಿಸಬೇಡಿರಿ.

ಆ ಹುಡುಗಿಗೆ ಇನ್ನೂ ವರ ಗೊತ್ತಾಗಿಲ್ಲ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಮಕ್ಕಳ ವಿವಾಹದ ಮಾತು ಬಂದಾಗ, ಮೂಲ ಊರನ್ನು ಕೇಳುವ ಮುನ್ನ ಬೀಗರಾಗಲಿರುವವರ ಮನೆಯಲ್ಲಿ ದಾಸೋಹ ಹೇಗೆ ನಡೆಯುತ್ತದೆಂದು ಕೇಳುವವರು ಕೆಲವರಾದರೂ ಹುಟ್ಟಲೆಂದು ಶಿವನನ್ನು ಬೇಡುತ್ತೇನೆ. ಶರಣು ಶರಣಾರ್ಥಿ.