ನೋಟದ ಋಣ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ಓದುವವನ ಹೊಣೆಯನ್ನು ಕುರಿತು ಶಾಲೆಗಳಲ್ಲಿ ಬೇಕಾದಷ್ಟು ಹೇಳಿಕೊಡುತ್ತೇವೆ. ಸುತ್ತುವವನಿಗೂ ಒಂದು ಹೊಣೆಯುಂಟೆ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವುದು ಅಪೂರ್ವ. ಇದನ್ನು ಕೇಳಲು ದೂರದ ಯಾತ್ರೆಯ ಉದಾಹರಣೆ ಬೇಕಾಗಿಲ್ಲ. ನಮ್ಮ ತಾಳವಾಡಿಯ ಸಂಸಾರವೊಂದು ಒಂದು ದಿನದ ಮಟ್ಟಿಗೆ ಮೈಸೂರಿಗೆ ಹೋಗಿಬರುವ ಸಣ್ಣ ಸಂಗತಿಯೇ ಸಾಕು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ, ಅದುವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಈರೋಡು ಜಿಲ್ಲೆಯಾದ ಮೇಲೆ ನಾವು ಆ ಜಿಲ್ಲೆಯವರಾದೆವು. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನು ಇಳಿದು ಬಣ್ಣಾರಿ, ಸತ್ಯಮಂಗಲಗಳನ್ನು ದಾಟಬೇಕು. ಮೈಸೂರಿಗಾದರೋ ಚಾಮರಾಜನಗರ, ನಂಜನಗೂಡುಗಳ ಮೇಲೆ ಬಯಲು ದಾರಿ. ಆದಕಾರಣ ನಮ್ಮ ಮಕ್ಕಳಿಗೆ ಪಟ್ಟಣ ನೋಡುವುದೆಂದರೆ ಮೈಸೂರು ನೋಡುವುದೇ ಆಗಿದೆ.

ಆ ಒಂದು ದಿನದಲ್ಲಿ ನೋಡುವುದೇನು? 1897ರಲ್ಲಿ ಹಳೆಯದು ಬೆಂಕಿಗೆ ತುತ್ತಾದ ಮೇಲೆ ಕಟ್ಟತೊಡಗಿ 1912ರಲ್ಲಿ ಮುಗಿಸಿದ ಅರಮನೆ. ಚಾಮುಂಡಿ ಬೆಟ್ಟದ ಹಾದಿಯಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿ. 1892ರಲ್ಲಿ ಸ್ಥಾಪನೆಯಾದ ಮೃಗಾಲಯ. ಟಿಕೆಟ್ಟು ಕೊಂಡದ್ದಾಯಿತು, ನೋಡಿದ್ದಾಯಿತು, ಸಂಜೆಗೆ ಮರಳಿದ್ದೂ ಆಯಿತು. ಹಣ ತೆತ್ತು ನೋಡಿದ ಮೇಲೆ ಇನ್ನಾವ ಬಾಕಿ ಉಳಿಯಿತು ಎಂದು ಕೇಳುವವರುಂಟು.

ಮೃಗಾಲಯದ ಆನೆಯ ಮುಂದೆ ನಿಂತ ನಮ್ಮ ಮಗುವನ್ನು ನೆನೆಯೋಣ. ಪಟ್ಟಣದ ಮಗುವಿಗೆ ಆನೆ ಬರಿಯ ವಿಸ್ಮಯ. ನಮ್ಮ ಮಗು ಅದರ ಘೀಳನ್ನು ಹಾಸಿಗೆಯಲ್ಲಿ ಮಲಗಿಯೇ ಕೇಳಿರುತ್ತದೆ. 2013ರಲ್ಲಿ ಹುಲಿ ಮೀಸಲು ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದ ಕಾಡಿಗೂ ನಮ್ಮ ಹೊಲಗಳಿಗೂ ನಡುವೆ ದೂರವಿಲ್ಲ. ಕಬ್ಬು, ಬಾಳೆ ಬಲಿತ ಕಾಲದಲ್ಲಿ ರೈತನು ರಾತ್ರಿಯೆಲ್ಲ ಎಚ್ಚರವಿದ್ದು ಕಾಯುತ್ತಾನೆ. ಅಂಥ ಮನೆಯ ಮಗು ಬೇಲಿಯಾಚೆ ಶಾಂತವಾಗಿ ನಿಂತ ಆನೆಯ ಕಣ್ಣನ್ನೂ ಕಿವಿಯನ್ನೂ ಮೊದಲ ಬಾರಿಗೆ ಭಯವಿಲ್ಲದೆ ನೋಡುತ್ತದೆ. ಇದು ಸಣ್ಣ ಲಾಭವಲ್ಲ. ಭಯವಿರುವಲ್ಲಿ ನೋಟ ಪೂರ್ಣವಾಗದು. ಆದರೆ ಆ ನಿರ್ಭಯತೆ ತಾನಾಗಿ ಬಂದದ್ದೆ? ಆನೆಗೆ ದಿನವೂ ಮೇವಿಕ್ಕಿ, ಮೀಯಿಸಿ, ಕಾಯುವವನೊಬ್ಬನಿದ್ದಾನೆ. ಮನಬಂದತ್ತ ಹೋಗುವ ಸ್ವಾತಂತ್ರ್ಯವಿಲ್ಲದ ಆನೆಯೂ ಇದೆ. ದಸರೆಯಲ್ಲಿ 750 ಕಿಲೋಗ್ರಾಂ ತೂಕದ ಅಂಬಾರಿಯನ್ನು ಹೊತ್ತ ಆನೆಯನ್ನು ಲಕ್ಷಾಂತರ ಮಂದಿ ಕಾಣುತ್ತಾರೆ. ಅದನ್ನು ಪಳಗಿಸಿ ನಡೆಸುವ ಮಾವುತನನ್ನೂ ಕಾವಾಡಿಯನ್ನೂ ಕಾಣುವವರು ಎಷ್ಟು ಮಂದಿ?

ನಾವು ನೋಡುವವರು ಮಾತ್ರವಲ್ಲ, ನೋಡಿಸಿಕೊಳ್ಳುವವರೂ ಹೌದು. ಪಟ್ಟಣದವರು ಬೆಟ್ಟ ನೋಡಲು ನಮ್ಮ ಕಡೆಗೆ ಬರುತ್ತಾರೆ. ದಾರಿಯಂಚಿನಲ್ಲಿ ಆನೆ ಕಂಡರೆ ಹಿಗ್ಗುತ್ತಾರೆ. ಇರುಳಿನಲ್ಲಿ ಆನೆ ತುಳಿದುಹೋದ ಬಾಳೆತೋಟ ಅವರ ಕಣ್ಣಿಗೆ ಬೀಳುವುದಿಲ್ಲ. ಇವರು ಬೆಟ್ಟವನ್ನು ಕಂಡರು, ಬೆಟ್ಟದವರನ್ನು ಕಾಣಲಿಲ್ಲ ಎಂದು ನಾವು ನೊಂದುಕೊಳ್ಳುವುದಾದರೆ, ಮೈಸೂರಿನಲ್ಲಿ ನಾವೂ ಹಾಗೆಯೇ ನಡೆದುಕೊಳ್ಳುವುದು ಹೇಗೆ ನ್ಯಾಯವಾದೀತು?

ಎಲ್ಲಕ್ಕಿಂತ ಹತ್ತಿರದ ಋಣ ಮನೆಯಲ್ಲಿಯೇ ಇದೆ. ಸಂಸಾರವೆಲ್ಲ ಮೈಸೂರಿಗೆ ಹೋಗಿತ್ತು ಎನ್ನುತ್ತೇವೆ. ನಿಜವಾಗಿ ಎಲ್ಲರೂ ಹೋಗಿರುವುದಿಲ್ಲ. ಹಸುವಿಗೆ ಹುಲ್ಲು ಹಾಕಿ ಹಾಲು ಕರೆಯಲು, ಮನೆ ಕಾಯಲು ಒಬ್ಬರು ಉಳಿಯಬೇಕು. ಅನೇಕ ವೇಳೆ ಉಳಿಯುವವಳು ಅಜ್ಜಿ. "ನನಗೇನಪ್ಪ, ನೀವು ಹೋಗಿಬನ್ನಿ" ಎಂದು ಆಕೆ ನಗುತ್ತಲೇ ಕಳುಹಿಸುತ್ತಾಳೆ. ಈ ಮಾತು ಔದಾರ್ಯದ್ದು. ಆಕೆಗೆ ಆಸೆಯೇ ಇಲ್ಲವೆಂದು ಅದನ್ನು ಅರ್ಥಮಾಡಿಕೊಳ್ಳುವುದು ನಮಗೆ ಅನುಕೂಲವೇ ಹೊರತು ಸತ್ಯವಲ್ಲ. ಒಂದು ಸಲ ಉಳಿದವರು ಪ್ರತಿಯೊಂದು ಸಲವೂ ಉಳಿಯಬೇಕಾಗಿ ಬಂದರೆ, ಅದನ್ನು ತ್ಯಾಗವೆಂದು ಹೊಗಳುವ ಹಕ್ಕು ಹೋಗಿಬಂದವರಿಗಿಲ್ಲ.

ವರುಷಕ್ಕೊಮ್ಮೆ ಸಿಕ್ಕುವ ಒಂದು ದಿನದ ಸಂತೋಷಕ್ಕೂ ಈ ಧರ್ಮಸೂಕ್ಷ್ಮವೆಲ್ಲ ಬೇಕೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ಸಹಜವಾದುದೇ. ದುಡಿದು ದಣಿದವರಿಗೆ ನಲಿಯುವ ಅಧಿಕಾರವುಂಟು. ಮಕ್ಕಳಿಗಂತೂ ಅದು ಇದ್ದೇ ಇದೆ. ಆದರೆ ಬೆಳೆದವನನ್ನು ನೆನೆದು ಉಂಡರೆ ಅನ್ನದ ರುಚಿ ಕೆಡುವುದಿಲ್ಲ. ಕಡೆದವನ ಕೈಯನ್ನು ನೆನೆದು ನೋಡಿದರೆ ನಂದಿಯ ಚೆಲುವೂ ಕುಂದುವುದಿಲ್ಲ. ಋಣವೆಂದರೆ ಹೊರೆಯೆಂದು ಹೆದರಬೇಕಾಗಿಲ್ಲ. ನಾವು ಒಬ್ಬಂಟಿಗರಲ್ಲವೆಂಬುದಕ್ಕೆ ಅದೇ ಸಾಕ್ಷಿ.

ರಜೆ ಮುಗಿದ ಮೇಲೆ "ನಾನು ಕಂಡ ಮೈಸೂರು" ಎಂದು ಪ್ರಬಂಧ ಬರೆಸುವ ಉಪಾಧ್ಯಾಯರಲ್ಲಿ ನಮ್ಮದೊಂದು ವಿನಂತಿ. ಇನ್ನೆರಡು ಪ್ರಶ್ನೆಗಳನ್ನು ಅದರ ಜೊತೆಗೆ ಸೇರಿಸಬಹುದು: ನೀನು ಕಂಡುದನ್ನು ಕಾಪಾಡಿಕೊಂಡು ಬರುತ್ತಿರುವವರು ಯಾರು? ನೀನು ಅಲ್ಲಿದ್ದಾಗ ನಿನ್ನ ಮನೆಯ ಕೆಲಸ ಮಾಡಿದವರು ಯಾರು? ಎರಡನೆಯ ಪ್ರಶ್ನೆಗೆ ನಾಲ್ಕು ಸಾಲಿನ ಉತ್ತರ ಬರೆದ ಹುಡುಗನು, ಮುಂದಿನ ಸಲ "ಹಸುವನ್ನು ನಾನು ನೋಡಿಕೊಳ್ಳುತ್ತೇನೆ, ಅಜ್ಜಿ ಹೋಗಿಬರಲಿ" ಎಂದರೆ, ಅವನ ಕಾಗುಣಿತದಲ್ಲಿ ಒಂದೆರಡು ತಪ್ಪುಗಳಿದ್ದರೂ ಉಪಾಧ್ಯಾಯರು ಮನ್ನಿಸಬಹುದು.