ಕಣಜವಿಲ್ಲದ ಹಕ್ಕಿ ಯಾಕೆ ದಪ್ಪ ಆಗ್ತಿತ್ತು?

ಮತ್ತಾಯ 6ನೇ ಅಧ್ಯಾಯ, 26ನೇ ವಚನ ತೆಗೆಯಿರಿ. ಮೊಬೈಲ್‌ನಲ್ಲಾದರೂ ಪರವಾಗಿಲ್ಲ, ವಾಟ್ಸಾಪ್ ಮಾತ್ರ ತೆಗೆಯಬೇಡಿ. ಹಕ್ಕಿಗಳನ್ನು ನೋಡಿ ಅಂತ ಕರ್ತನು ಹೇಳುವ ಭಾಗ ಇದು. ಹೊಲ, ಕಣಜ ಏನೂ ಇಲ್ಲದ ಹಕ್ಕಿಗೂ ಪರಲೋಕದ ತಂದೆ ಊಟ ಕೊಡ್ತಾನೆ.

ಈ ವಚನ ಇಟ್ಟುಕೊಂಡು ನಾನು ಒಂದು ತಪ್ಪು ಮಾಡಿದ್ದೇನೆ. ಮೊದಲು ಅದನ್ನು ಹೇಳಿಬಿಡ್ತೀನಿ. ಮೂರು ವರ್ಷದ ಹಿಂದೆ ಯೂತ್ ಮೀಟಿಂಗ್‌ನಲ್ಲಿ ಒಬ್ಬ ಸಹೋದರ ಎದ್ದು, "ಪಾಸ್ಟರ್, ಆರು ತಿಂಗಳ ಸಂಬಳ ಎತ್ತಿಡಬೇಕು ಅಂತಿದ್ದೀನಿ. ಇದು ಅಪನಂಬಿಕೆನಾ?" ಅಂತ ಕೇಳಿದರು. ನಾನು ಒಂದು ನಿಮಿಷವೂ ಯೋಚಿಸದೆ, "ಹಕ್ಕಿಗೆ ಬ್ಯಾಂಕ್ ಬ್ಯಾಲೆನ್ಸ್ ಇದೆಯಾ ಬ್ರದರ್?" ಅಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ಮರುವರ್ಷ ಅವರ ಕೆಲಸ ಹೋಯಿತು, ಅದೇ ತಿಂಗಳು ತಾಯಿಗೆ ಆಪರೇಷನ್. ಬಡ್ಡಿಗೆ ಸಾಲ ತಂದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿದ್ದು.

ಕಳೆದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್‌ಗೆ, ಹೂಸ್ಟನ್ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಅಕ್ಕ ಒಂದು ಕೆಂಪು ಫೀಡರ್ ನೇತುಹಾಕಿದ್ದಳು. ನಾಲ್ಕು ಲೋಟ ನೀರಿಗೆ ಒಂದು ಲೋಟ ಸಕ್ಕರೆ, ಬಣ್ಣ ಗಿಣ್ಣ ಏನೂ ಹಾಕಬಾರದು. ಅದಕ್ಕೆ ಹಮ್ಮಿಂಗ್‌ಬರ್ಡ್ ಬರ್ತಿದ್ದವು. ನಮ್ಮ ಸೂರಕ್ಕಿ ಥರ ಕಾಣಿಸುತ್ತೆ, ಆದರೆ ಜಾತಿ ಬೇರೆ. ಈ ಹಕ್ಕಿ ಅಮೆರಿಕ ಖಂಡಗಳಲ್ಲಿ ಮಾತ್ರ ಇರೋದು. ತೂಕ ಸುಮಾರು 3 ಗ್ರಾಂ. ರೆಕ್ಕೆ ಎಷ್ಟು ಜೋರು ಅಂದ್ರೆ, ನೋಡೋಕೆ ಮೊದಲು ಕಿವಿಗೆ ಗುಂಯ್ ಅಂತ ಕೇಳಿಸುತ್ತೆ.

ನಾನು ದಿನಾ ಬೆಳಿಗ್ಗೆ ಕಾಫಿ ಹಿಡಿದು ಅಲ್ಲೇ ಕೂರ್ತಿದ್ದೆ. ಪ್ರಾರ್ಥನೆಗೆ ಅಂತ ಕೂತು ಹಕ್ಕಿ ನೋಡಿದ ದಿನಗಳೂ ಇವೆ, ಕರ್ತನು ಕ್ಷಮಿಸಲಿ. ಒಂದಂತೂ ಹೊಟ್ಟೆ ಉಬ್ಬಿ ಗುಂಡಗೆ ಆಗಿತ್ತು. "ಇದಕ್ಕೇನು ಕಾಯಿಲೆನಾ?" ಅಂತ ಕೇಳಿದೆ. ಅಕ್ಕ ನಕ್ಕಳು. "ಪ್ರಯಾಣಕ್ಕೆ ರೆಡಿ ಆಗ್ತಿದೆ ಕಣೋ."

ಚಳಿಗಾಲಕ್ಕೆ ಮೊದಲು ಇವು ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆ ಹೋಗ್ತವೆ. ಅನೇಕ ಹಕ್ಕಿಗಳು ಕರಾವಳಿ ಹಿಡಿದು ಇಳೀತವೆ. ಕೆಲವು ನೇರವಾಗಿ ಮೆಕ್ಸಿಕೋ ಕೊಲ್ಲಿಯನ್ನೇ ದಾಟ್ತವೆ, ಸುಮಾರು 800 ಕಿಲೋಮೀಟರ್. ಬೆಂಗಳೂರಿನಿಂದ ಮುಂಬೈವರೆಗೆ ಹಾರಿದ ಹಾಗೆ, ಮಧ್ಯೆ ಕೂರೋಕೆ ಒಂದು ಕೊಂಬೆಯೂ ಇಲ್ಲ. ಅದಕ್ಕೇ ಹೊರಡುವ ಮೊದಲು ತಿಂದು ತಿಂದು ತೂಕವನ್ನು ಹತ್ತಿರಹತ್ತಿರ ಎರಡರಷ್ಟು ಮಾಡಿಕೊಳ್ತವೆ. ದೇವಜನರೇ, ಹಕ್ಕಿಗೆ ಕಣಜ ಇಲ್ಲ, ನಿಜ. ಆದರೆ ದಾರಿಗೆ ಬುತ್ತಿ ಇದೆ! ತನ್ನ ಮೈಯಲ್ಲೇ ಕಟ್ಟಿಕೊಂಡಿದೆ. ನಾನು ಆ ಸಹೋದರನಿಗೆ ಹೇಳಿದ್ದು ಹಕ್ಕಿಯನ್ನು ನೋಡದೇ ಹೇಳಿದ ಮಾತು. ಕರ್ತನು ಅಲ್ಲಿ ಬೇಡ ಅಂದದ್ದು ಚಿಂತೆಯನ್ನು. ತಯಾರಿಯನ್ನು ಅಲ್ಲ.

ಹಾಗಾದರೆ ಎತ್ತಿಡೋದೆಲ್ಲ ಸರಿನಾ? ಇಲ್ಲ, ಅಲ್ಲಿಗೇ ಬರ್ತಿದ್ದೀನಿ. ಒಂದು ಗಂಡು ಹಕ್ಕಿ ಇತ್ತು, ಕತ್ತು ಮಾಣಿಕ್ಯದ ಹಾಗೆ. ಫೀಡರ್‌ನಲ್ಲಿ ಹತ್ತು ಹಕ್ಕಿಗೆ ಸಾಕಾಗುವಷ್ಟು ಇದ್ದರೂ ಯಾರನ್ನೂ ಹತ್ತಿರ ಬಿಡ್ತಿರಲಿಲ್ಲ. ಒಂದನ್ನು ಓಡಿಸೋಕೆ ಹೋದಾಗ ಹಿಂದಿನಿಂದ ಇನ್ನೆರಡು ಕುಡಿದು ಹೋಗ್ತಿದ್ದವು. ಅದು ಅದರ ಸ್ವಭಾವ, ಹಕ್ಕಿಗೆ ಪಾಪ ಇಲ್ಲ. ಆದರೆ ನನಗೆ ನಮ್ಮ ಎಫ್‌ಡಿ, ಸೈಟು, ಎರಡನೇ ಸೈಟು ನೆನಪಾಯಿತು.

ಪಕ್ಕದ ಮನೆಯವರು ಅಕ್ಕನಿಗೆ, "ಫೀಡರ್ ತೆಗೆದುಬಿಡಿ, ಇಲ್ಲದಿದ್ರೆ ಹಕ್ಕಿ ಹೋಗಲ್ಲ" ಅಂತ ಹೇಳಿದ್ದರಂತೆ. ಅನೇಕರು ಹಾಗೇ ನಂಬ್ತಾರೆ. ಆದರೆ ಅದು ನಿಜ ಅಲ್ಲ. ಹಗಲು ಚಿಕ್ಕದಾಗ್ತಾ ಬಂದ ಹಾಗೆ ಅವುಗಳ ಒಳಗೇ ಕರೆ ಬರುತ್ತೆ. ಹಕ್ಕಿಗಳು ತಮ್ಮ ಕಾಲವನ್ನು ಬಲ್ಲವು ಅಂತ ಯೆರೆಮೀಯ 8:7ರಲ್ಲಿ ಓದ್ತೀವಲ್ಲ. ಗಂಡುಗಳು ಮೊದಲು ಹೊರಡ್ತವೆ, ಆಮೇಲೆ ತಾಯಂದಿರು, ಕೊನೆಗೆ ಆ ವರ್ಷವೇ ಹುಟ್ಟಿದ ಮರಿಗಳು. ದಾರಿ ತೋರಿಸೋಕೆ ಯಾರೂ ಇಲ್ಲ, ಒಂಟಿಯಾಗಿ. ಒಂದು ಮಂಗಳವಾರ ಎದ್ದು ನೋಡಿದರೆ ಆ ಗುಂಡು ಹಕ್ಕಿ ಇರಲಿಲ್ಲ. ಫೀಡರ್ ತುಂಬಿಯೇ ಇತ್ತು. ಸಿಹಿ ಇದೆ ಅಂತ ಅದು ಉಳಿಯಲಿಲ್ಲ.

ನಾನು ಅಲ್ಲಿ ಬಹಳ ಹೊತ್ತು ಕೂತೆ. ನನ್ನ ಅಕೌಂಟ್‌ನಲ್ಲಿ ಎಷ್ಟಿದೆ ಅಂತ ದೇವರು ಕೇಳ್ತಿಲ್ಲ ಅನ್ನಿಸಿತು. ನಾಳೆ ಎದ್ದು ಹೊರಡು ಅಂದ್ರೆ, ಇರೋದು ನನ್ನನ್ನು ಹೊತ್ತೊಯ್ಯುತ್ತಾ, ಇಲ್ಲಾ ಕಟ್ಟಿಹಾಕುತ್ತಾ? ಅಬ್ರಹಾಮನು ಹೊರಟಾಗ ಸೊತ್ತನ್ನೂ ಆಳುಗಳನ್ನೂ ಕರೆದುಕೊಂಡೇ ಹೊರಟ. ಆದರೆ ಹೊರಟ.

ಊರಿಗೆ ಬಂದ ಮೇಲೆ ಆ ಸಹೋದರನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಸಾಲ ಇನ್ನೂ ಸ್ವಲ್ಪ ಬಾಕಿ ಇದೆ. ತಾಯಿ ಕಾಫಿ ಕೊಟ್ಟರು. ಅವರು ಸುಮ್ಮನೆ ಕೂತಿದ್ದು ಆಮೇಲೆ, "ಪಾಸ್ಟರ್, ಮುಂದಿನ ತಿಂಗಳಿಂದ ಎರಡು ಸಾವಿರ ಆರ್‌ಡಿ ಶುರು ಮಾಡ್ತಿದ್ದೀನಿ, ಪ್ರಾರ್ಥನೆ ಮಾಡಿ" ಅಂದರು. ಪಾಸ್‌ಬುಕ್ ಟೇಬಲ್ ಮೇಲೆ ಇಟ್ಟರು. ಇಬ್ಬರೂ ಅದರ ಮೇಲೆ ಕೈ ಇಟ್ಟು ಪ್ರಾರ್ಥಿಸಿದೆವು.

ಎಲ್ಲರೂ ಎದ್ದು ನಿಲ್ಲೋಣ.