ಜೂಬಿಲಿಯ ಲೆಕ್ಕ: ಪವಿತ್ರ ಹೃದಯ ಭಗಿನಿಯರ ಇನ್ನೂರು ವರ್ಷ

ಕ್ಯಾಥೊಲಿಕ್ ಕನ್ಯಾಸ್ತ್ರೀಯರ ಸಂಘವೊಂದು ಶತಮಾನೋತ್ಸವವನ್ನೋ ದ್ವಿಶತಮಾನೋತ್ಸವವನ್ನೋ ಆಚರಿಸುವಾಗ ಹತ್ತಾರು ದೇಶಗಳ ಭಗಿನಿಯರು ಒಂದೆಡೆ ಸೇರುವ ರೂಢಿಯಿದೆ. ಬಲಿಪೂಜೆ, ವ್ರತಗಳ ನವೀಕರಣ, ಹಿರಿಯ ಭಗಿನಿಯರಿಗೆ ಗೌರವ, ಸ್ಥಾಪಕಿಯ ಸಮಾಧಿಗೆ ಯಾತ್ರೆ, ಹಲವು ಭಾಷೆಗಳ ಪ್ರಾರ್ಥನೆ, ಇವು ಎಲ್ಲೆಡೆಯೂ ಇರುತ್ತವೆ. ಇದರ ಹಿಂದೆ ಒಂದು ಧಾರ್ಮಿಕ ಪ್ರಶ್ನೆಯಿದೆ. ಎಲ್ಲವನ್ನೂ ತ್ಯಜಿಸುತ್ತೇವೆಂದು ವ್ರತ ತೊಟ್ಟವರು ತಮ್ಮ ಸಂಘದ ಗತಕಾಲವನ್ನು ಯಾವ ಅರ್ಥದಲ್ಲಿ 'ನಮ್ಮದು' ಎನ್ನಬಲ್ಲರು? ಹೆಮ್ಮೆಪಡುವ ಹಕ್ಕು ಅವರಿಗಿದ್ದರೆ, ತಪ್ಪುಗಳ ಹೊಣೆ ಯಾರದು? ಯೇಸುವಿನ ಪವಿತ್ರ ಹೃದಯ ಭಗಿನಿಯರ ಸಂಘ 2018ರಲ್ಲಿ ಅಮೆರಿಕದಲ್ಲಿನ ತನ್ನ ಇನ್ನೂರು ವರ್ಷಗಳನ್ನು ಸ್ಮರಿಸಿದಾಗ ಈ ಪ್ರಶ್ನೆ ಬರಿಯ ತರ್ಕವಾಗಿ ಉಳಿಯಲಿಲ್ಲ.

ಸಂಘ ಹುಟ್ಟಿದ್ದು ಪ್ಯಾರಿಸ್‌ನಲ್ಲಿ, 1800ರ ನವೆಂಬರ್ 21ರಂದು. ಸ್ಥಾಪಕಿ ಮ್ಯಾಡೆಲಿನ್ ಸೋಫಿ ಬರಾ ಬರ್ಗಂಡಿಯ ಜುವಾನ್ಯಿ ಊರಿನ, ಮರದ ಪೀಪಾಯಿ ಮಾಡುವವನ ಮಗಳು. ಫ್ರೆಂಚ್ ಕ್ರಾಂತಿ ಮಠಗಳನ್ನು ಮುಚ್ಚಿಸಿದ್ದ ಕಾಲವದು. ಹೆಣ್ಣುಮಕ್ಕಳ ಶಿಕ್ಷಣದ ಮೂಲಕ ಸಮಾಜವನ್ನು ಮತ್ತೆ ಕಟ್ಟಬಹುದೆಂಬುದು ಅವರ ನಂಬಿಕೆಯಾಗಿತ್ತು. 1806ರಲ್ಲಿ ಸುಪೀರಿಯರ್ ಜನರಲ್ ಆದ ಬರಾ 1865ರಲ್ಲಿ ಸಾಯುವವರೆಗೂ ಆ ಹೊಣೆ ಹೊತ್ತಿದ್ದರು. ಅವರ ಒಡನಾಡಿ, ಗ್ರೆನೋಬಲ್‌ನ ರೋಸ್ ಫಿಲಿಪೈನ್ ಡುಷೇನ್, ನಾಲ್ವರು ಭಗಿನಿಯರೊಡನೆ 'ರೆಬೆಕ್ಕಾ' ಎಂಬ ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ 1818ರ ಮೇ 29ರಂದು ಅಮೆರಿಕದ ನೆಲಕ್ಕಿಳಿದರು. ಅದೇ ವರ್ಷ ಮಿಸೌರಿಯ ಸೇಂಟ್ ಚಾರ್ಲ್ಸ್‌ನಲ್ಲಿ ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಮೊದಲ ಉಚಿತ ಶಾಲೆಯನ್ನು ತೆರೆದರು. ಎಪ್ಪತ್ತು ದಾಟಿದ ಮೇಲೆ, 1841ರಲ್ಲಿ, ಕನ್ಸಾಸ್‌ನ ಶುಗರ್ ಕ್ರೀಕ್‌ನಲ್ಲಿ ಪೊಟವಾಟಮಿ ಮೂಲನಿವಾಸಿಗಳ ನಡುವೆ ವಾಸಿಸಿದರು. ಅವರ ಭಾಷೆ ಕಲಿಯಲು ಆಕೆಗೆ ಆಗಲಿಲ್ಲ. ಗಂಟೆಗಟ್ಟಲೆ ಮೊಣಕಾಲೂರಿ ಕೂತಿರುತ್ತಿದ್ದ ಆಕೆಯನ್ನು ಅವರು 'ಸದಾ ಪ್ರಾರ್ಥಿಸುವವಳು' ಎಂದು ಕರೆದರು. 1988ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಫಿಲಿಪೈನ್ ಅವರನ್ನು ಸಂತರೆಂದು ಸಾರಿದರು.

ಸಂಘದ ನ್ಯೂಯಾರ್ಕ್ ಅಧ್ಯಾಯ 1841ರಲ್ಲಿ ಹೌಸ್ಟನ್ ಬೀದಿಯ ಒಂದು ಬಾಲಕಿಯರ ಶಾಲೆಯಿಂದ ಆರಂಭವಾಯಿತು. 1847ರಲ್ಲಿ ಶಾಲೆ ಹಾರ್ಲೆಮ್ ಬಳಿಯ ಮ್ಯಾನ್‌ಹಟನ್‌ವಿಲ್‌ಗೆ ಹೋಯಿತು, 1917ರಲ್ಲಿ ಕಾಲೇಜಾಯಿತು. 1952ರಲ್ಲಿ ಅದು ನಗರದಿಂದ ಹೊರಬಿದ್ದು, ವೆಸ್ಟ್‌ಚೆಸ್ಟರ್ ಕೌಂಟಿಯ ಹ್ಯಾರಿಸನ್ ಪಟ್ಟಣಕ್ಕೆ ಸೇರಿದ ಪರ್ಚೇಸ್‌ನಲ್ಲಿ ನೆಲೆಯೂರಿತು. ಅಲ್ಲಿ ಕೊಂಡ ಕಲ್ಲಿನ ಕೋಟೆಯಂಥ ಮನೆ ಪತ್ರಿಕೋದ್ಯಮಿ ವೈಟ್‌ಲಾ ರೀಡ್ ಅವರದಾಗಿತ್ತು. 1931ರಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಂದಿದ್ದ ಸಿಯಾಮಿನ ರಾಜ ತಂಗಿದ್ದೂ ಅದರಲ್ಲೇ. ಬಡತನದ ವ್ರತ ತೊಟ್ಟವರು ಕೋಟೆಯಲ್ಲಿ ಕಾಲೇಜು ನಡೆಸಿದ್ದನ್ನು ಆಡಿಕೊಳ್ಳುವುದು ಸುಲಭ. ಆದರೆ ಈ ಕಾಲೇಜಿನ ಸ್ಮೃತಿಯಲ್ಲಿ ಇನ್ನೊಂದು ಘಟನೆಯೂ ಇದೆ. 1938ರಲ್ಲಿ, ಇನ್ನೂ ಹಾರ್ಲೆಮ್ ಬಳಿ ಇದ್ದಾಗ, ಕಾಲೇಜು ಕಪ್ಪು ಜನಾಂಗದ ವಿದ್ಯಾರ್ಥಿನಿಗೆ ಪ್ರವೇಶ ಕೊಟ್ಟಿತು. ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಸಿಟ್ಟಿಗೆದ್ದರು. ಅಧ್ಯಕ್ಷೆ ಮದರ್ ಗ್ರೇಸ್ ಡ್ಯಾಮನ್ ಆ ವರ್ಷದ ಮೇ 31ರಂದು ಅವರೆದುರಿಗೇ ನಿಂತು, ತತ್ವಕ್ಕೂ ಪೂರ್ವಗ್ರಹಕ್ಕೂ ನಡುವೆ ಕಾಲೇಜು ಯಾವುದನ್ನು ಆರಿಸಿಕೊಳ್ಳಬೇಕೆಂದು ನೇರವಾಗಿ ಮಾತಾಡಿದರು. ಅಮೆರಿಕದ ಕ್ಯಾಥೊಲಿಕ್ ಕಾಲೇಜುಗಳ ಚರಿತ್ರೆಯಲ್ಲಿ ಅದು ದೊಡ್ಡ ಮಾತು. 1966ರಲ್ಲಿ ಕಾಲೇಜು ತನ್ನ ಹೆಸರಿನಿಂದ 'ಪವಿತ್ರ ಹೃದಯ'ವನ್ನು ಕೈಬಿಟ್ಟಿತು. 1971ರಲ್ಲಿ ಗಂಡುಮಕ್ಕಳಿಗೂ ಪ್ರವೇಶ ದೊರೆಯಿತು.

ಇಂಥ ಉತ್ಸವಗಳನ್ನು ಕರೆಯುವ 'ಜೂಬಿಲಿ' ಎಂಬ ಹೆಸರಿನ ಮೂಲ ಹಳೆಯ ಒಡಂಬಡಿಕೆಯ ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿದೆ. ಐವತ್ತನೆಯ ವರ್ಷ ಬಂದಾಗ ಕೊಂಬು ಊದಿಸಬೇಕು. ಮಾರಿದ ಪಿತ್ರಾರ್ಜಿತ ಭೂಮಿ ಮೂಲ ಕುಟುಂಬಕ್ಕೆ ಮರಳಬೇಕು. ಬಡತನದಿಂದ ತಮ್ಮನ್ನೇ ಮಾರಿಕೊಂಡ ಇಸ್ರಾಯೇಲರು ಬಿಡುಗಡೆಯಾಗಿ ಮನೆಗೆ ಹೋಗಬೇಕು. ಅಂದರೆ ಇದು ಗಳಿಸಿದ್ದನ್ನು ಮೆರೆಸುವ ವರ್ಷವಲ್ಲ, ಯಾರ ಬಳಿ ಯಾರದ್ದು ಉಳಿದಿದೆ ಎಂದು ನೋಡಿ ಹಿಂದಿರುಗಿಸುವ ವರ್ಷ. ಇದೇ ಅಧ್ಯಾಯ ಪರದೇಶಿಯರನ್ನು ಶಾಶ್ವತ ದಾಸರಾಗಿ ಇಟ್ಟುಕೊಳ್ಳಲು ಅನುಮತಿಸುತ್ತದೆಂಬುದನ್ನೂ ಮರೆಯಬಾರದು; ಅಮೆರಿಕದ ಗುಲಾಮಗಿರಿಯ ಸಮರ್ಥಕರು ಆ ವಾಕ್ಯಗಳನ್ನೇ ಹಿಡಿದು ವಾದಿಸುತ್ತಿದ್ದರು. ಬಿಡುಗಡೆಯ ಕೊಂಬು ಯಾರಿಗಾಗಿ ಊದುತ್ತದೆ ಎಂಬ ಜಗಳ ಆ ಗ್ರಂಥದೊಳಗೇ ಇದೆ.

ಆಧುನಿಕ ಸಂಘಗಳಿಗೆ ಎರಡನೆಯ ವ್ಯಾಟಿಕನ್ ಮಹಾಸಭೆ ಇನ್ನೊಂದು ಕರ್ತವ್ಯ ಹೊರಿಸಿತು. 1965ರ ಅಕ್ಟೋಬರ್ 28ರ ಆಜ್ಞಾಪತ್ರ 'ಪೆರ್ಫೆಕ್ಟೇ ಕಾರಿತಾತಿಸ್' ಪ್ರತಿ ಸಂಘವೂ ತನ್ನ ಸ್ಥಾಪಕರ ಮೂಲ ಪ್ರೇರಣೆಗೆ ಮರಳಬೇಕು, ಜೊತೆಗೆ ಬದಲಾದ ಕಾಲಕ್ಕೆ ಹೊಂದಿಕೊಳ್ಳಬೇಕು ಎಂದಿತು. ಮಠದ ಗೋಡೆಯೊಳಗೇ ಇರಬೇಕೆಂಬ ನಿಯಮವನ್ನು ಪವಿತ್ರ ಹೃದಯ ಸಂಘ 1964ರಲ್ಲೇ ಸಡಿಲಿಸಿತ್ತು. ಪಾಠ ಹೇಳುವ ಭಗಿನಿಯರು, ಅಡುಗೆ–ತೊಳೆಯುವ ಕೆಲಸದ ಭಗಿನಿಯರು ಎಂಬ ಎರಡು ದರ್ಜೆಗಳೂ ಆ ಕಾಲದಲ್ಲೇ ಹೋದವು. ಮೂಲಕ್ಕೆ ಮರಳುವುದೆಂದರೆ ಹಳೆಯ ಕಾಗದಗಳನ್ನು ತೆರೆಯುವುದು. ತೆರೆದಾಗ ಸ್ಥಾಪಕರ ಪತ್ರಗಳ ಜೊತೆ ಲೆಕ್ಕದ ಪುಸ್ತಕಗಳೂ ಹೊರಬರುತ್ತವೆ.

ಆ ಲೆಕ್ಕದಲ್ಲಿ ಮನುಷ್ಯರಿದ್ದರು. 1821ರಲ್ಲಿ ಲೂಯಿಸಿಯಾನಾದ ಗ್ರಾಂಡ್ ಕೊಟೊದಲ್ಲಿ ತೆರೆದ ಶಾಲೆ ಮತ್ತು ಮಠ ಗುಲಾಮರ ದುಡಿಮೆಯ ಮೇಲೆ ನಿಂತಿದ್ದವು. ಲೂಯಿಸಿಯಾನಾ, ಮಿಸೌರಿಗಳಲ್ಲಿ ಒಟ್ಟು ನೂರಕ್ಕೂ ಹೆಚ್ಚು ಗುಲಾಮರು ಸಂಘದ ಒಡೆತನದಲ್ಲಿದ್ದರು. ಫಿಲಿಪೈನ್ ಬದುಕಿದ್ದ ಕಾಲದಲ್ಲೇ ಇದು ನಡೆದದ್ದು. ಹೊಲ, ಅಡುಗೆಮನೆ, ಕಟ್ಟಡದ ಕೆಲಸ ಎಲ್ಲವೂ ಗುಲಾಮರ ಕೈಯಲ್ಲಿತ್ತು. ಖರೀದಿಯ ಚೀಟಿಗಳಲ್ಲಿ ಅವರಿಗೆ ಬೆಲೆ ಇದೆ, ಜ್ಞಾನಸ್ನಾನದ ದಾಖಲೆಗಳಲ್ಲಿ ಹೆಸರಿದೆ. ಅದೇ ಮನುಷ್ಯರನ್ನು ಒಂದು ಪುಸ್ತಕ ಸೊತ್ತೆಂದೂ ಇನ್ನೊಂದು ದೇವರ ಮಕ್ಕಳೆಂದೂ ಬರೆದುಕೊಂಡಿತು. ಎರಡನ್ನೂ ಬರೆದದ್ದು ಒಂದೇ ಧರ್ಮಸಭೆಯ ಜನ. ಈ ಸಂಗತಿಯ ಮುಂದೆ ಯಾವ ಸಮಜಾಯಿಷಿಯೂ ನಿಲ್ಲುವುದಿಲ್ಲ.

ದ್ವಿಶತಮಾನೋತ್ಸವ ಹತ್ತಿರವಾಗುತ್ತಿದ್ದ 2016ರಲ್ಲಿ ಸಂಘದ ಅಮೆರಿಕ–ಕೆನಡಾ ಪ್ರಾಂತ ಗುಲಾಮಗಿರಿಯ ಇತಿಹಾಸವನ್ನು ಹುಡುಕಲು ಸಮಿತಿ ರಚಿಸಿತು. ಅದು ದಾಖಲೆಗಳಿಂದ ಹೆಸರುಗಳನ್ನು ಎತ್ತಿ, ವಂಶಜರನ್ನು ಹುಡುಕಿತು. 2018ರ ಸೆಪ್ಟೆಂಬರ್ 23ರಂದು ಗ್ರಾಂಡ್ ಕೊಟೊದಲ್ಲಿ ಭಗಿನಿಯರೂ ವಂಶಜರೂ ಒಟ್ಟು ಸೇರಿದರು. ಗುಲಾಮರಾಗಿದ್ದವರ ಹೆಸರುಗಳನ್ನು ಗಟ್ಟಿಯಾಗಿ ಉಚ್ಚರಿಸಲಾಯಿತು. ಸ್ಮಶಾನದಲ್ಲಿ ಹೆಸರು ಕೊರೆದ ಸ್ಮಾರಕ ನಿಂತಿತು. ವಂಶಜರಲ್ಲಿ ಫ್ರಾಂಕ್ ಮತ್ತು ಜೆನಿ ಹಾಕಿನ್ಸ್ ದಂಪತಿಯ ಮೊಮ್ಮಕ್ಕಳ ಮೊಮ್ಮಕ್ಕಳ ತಲೆಮಾರಿನವರೂ ಇದ್ದರು. ಆ ಊರಿನ ಶಾಲೆಯಲ್ಲಿ ಕಪ್ಪು ಜನಾಂಗದ ಮಕ್ಕಳಿಗೆಂದು ವಿದ್ಯಾರ್ಥಿವೇತನವೂ ಏರ್ಪಾಡಾಯಿತು. ಜೂಬಿಲಿಯ ಆ ವರ್ಷದ ಕಾರ್ಯಕ್ರಮಗಳಲ್ಲಿ ಯಾಜಕಕಾಂಡಕ್ಕೆ ಅತ್ಯಂತ ಹತ್ತಿರ ಬಂದದ್ದು ಇದೇ ಕೂಟ.

ಆಕ್ಷೇಪಗಳಿವೆ, ಅವು ಹಗುರವಲ್ಲ. ಪಾಪ ಮಾಡಿದವರು ಸತ್ತಿದ್ದಾರೆ, ಅನುಭವಿಸಿದವರೂ ಸತ್ತಿದ್ದಾರೆ. ಬದುಕಿರುವವರ ಕ್ಷಮಾಪಣೆ ಯಾರ ಪರವಾಗಿ, ಯಾರಿಗೆ? ಕ್ಯಾಥೊಲಿಕ್ ಬೋಧನೆಯಲ್ಲಿ ಪಾಪ ವ್ಯಕ್ತಿಗೆ ಸೇರಿದ್ದು, ಪಶ್ಚಾತ್ತಾಪವೂ ಹಾಗೆಯೇ. 2000ದ ಮಹಾಜೂಬಿಲಿಯಲ್ಲಿ, ಮಾರ್ಚ್ 12ರಂದು, ಪೋಪ್ ಎರಡನೆಯ ಜಾನ್ ಪಾಲ್ ಧರ್ಮಸಭೆಯ ಮಕ್ಕಳ ಪಾಪಗಳಿಗೆ ಕ್ಷಮೆ ಬೇಡುವ ಸಂದರ್ಭದಲ್ಲಿ ಅಂತಾರಾಷ್ಟ್ರೀಯ ದೈವಶಾಸ್ತ್ರ ಆಯೋಗ ಈ ಗಂಟನ್ನು ಬಿಡಿಸಲು ಯತ್ನಿಸಿತು. ತಪ್ಪಿತಸ್ಥನ ವೈಯಕ್ತಿಕ ಅಪರಾಧ ಅವನೊಡನೆ ಮುಗಿಯುತ್ತದೆ. ಆದರೆ ತಪ್ಪಿನ ಪರಿಣಾಮ ಜಗತ್ತಿನಲ್ಲಿ ಉಳಿಯುತ್ತದೆ, ಅದನ್ನು ಸರಿಪಡಿಸುವ ಹೊಣೆ ಮುಂದಿನವರಿಗೂ ಬರುತ್ತದೆ ಎಂಬುದು ಆಯೋಗದ ವಿವೇಚನೆಯ ಸಾರ. ಮನೆಯ ಆಸ್ತಿಗೆ ಹಕ್ಕು ಕೇಳುವ ಮಗ ಅಪ್ಪನ ಸಾಲ ತನ್ನದಲ್ಲ ಎನ್ನಲಾರ. ಫಿಲಿಪೈನ್ ಅವರ ಪಾವಿತ್ರ್ಯವನ್ನು ತನ್ನ ಪರಂಪರೆಯೆಂದು ಹಾಡುವ ಸಂಘಕ್ಕೆ ಗ್ರಾಂಡ್ ಕೊಟೊದ ಋಣವನ್ನು ಬೇರೆಯವರದೆಂದು ಬದಿಗಿಡಲು ಬರುವುದಿಲ್ಲ.

ಬಡತನದ ವ್ರತ ಇಲ್ಲಿ ಪ್ರಶ್ನೆಯನ್ನು ಇನ್ನಷ್ಟು ಹರಿತಗೊಳಿಸುತ್ತದೆ. ವ್ರತ ತೊಟ್ಟ ಭಗಿನಿಗೆ ಸ್ವಂತದ್ದೆನ್ನಲು ಏನೂ ಇಲ್ಲ, ಎಲ್ಲ ಸೊತ್ತು ಸಂಘದ್ದು. ಆದ್ದರಿಂದಲೇ ಒಬ್ಬೊಬ್ಬರೂ ಪ್ರಾಮಾಣಿಕವಾಗಿ ಬಡವರಾಗಿದ್ದು, ಒಟ್ಟಾಗಿ ಮನುಷ್ಯರ ಒಡೆಯರಾಗಲು ಸಾಧ್ಯವಾಯಿತು. ವೈಯಕ್ತಿಕ ವೈರಾಗ್ಯ ಸಾಮೂಹಿಕ ಒಡೆತನವನ್ನು ಕಣ್ಣಿಗೆ ಕಾಣದಂತೆ ಮಾಡಬಲ್ಲದು. ಮಠ ಯಾವ ಧರ್ಮದ್ದೇ ಇರಲಿ, ಈ ಅಪಾಯ ಅಲ್ಲಿದೆ. ಸನ್ಯಾಸಿಯ ಜೋಳಿಗೆ ಬರಿದಾಗಿದ್ದರೂ ಮಠದ ಉಂಬಳಿಯ ಗದ್ದೆ ಉತ್ತವರು ಯಾರೆಂದು ಕನ್ನಡ ನಾಡಿನಲ್ಲೂ ಕೇಳಬೇಕಾಗುತ್ತದೆ.

ಸಂಘದ ಕೊಂಡಿ ಕರ್ನಾಟಕಕ್ಕೂ ಚಾಚಿದೆ. ಬೆಂಗಳೂರಿನ ಅರಮನೆ ರಸ್ತೆಯ ಸೋಫಿಯಾ ಹೈಸ್ಕೂಲನ್ನು ಪವಿತ್ರ ಹೃದಯ ಭಗಿನಿಯರು 1949ರಲ್ಲಿ ಆರಂಭಿಸಿದರು. ರಾಜ್ಯದ ಇತರ ಸಂಘಗಳಿಗೂ ಇಂಥ ವರ್ಷಗಳು ಬಂದಿವೆ. ಫ್ರಾನ್ಸಿನ ಬಯೋನ್‌ನಲ್ಲಿ 1868ರಲ್ಲಿ ಮದರ್ ವೆರೊನಿಕಾ ಸ್ಥಾಪಿಸಿದ ಅಪೊಸ್ತಲಿಕ್ ಕಾರ್ಮೆಲ್ ಸಂಘ 1870ರಲ್ಲಿ ಮಂಗಳೂರಿಗೆ ಬಂದು, 1921ರಲ್ಲಿ ಸೇಂಟ್ ಆಗ್ನೆಸ್ ಕಾಲೇಜು ತೆರೆಯಿತು. ಅದೇ 1921ರ ಜುಲೈ 16ರಂದು ಮೊನ್ಸಿಂಜೊರ್ ರೇಮಂಡ್ ಮಸ್ಕರೇನ್ಹಸ್ ಮಂಗಳೂರಿನಲ್ಲೇ ಬೆಥನಿ ಸಂಘವನ್ನು ಹುಟ್ಟುಹಾಕಿದರು. ಮಂಗಳೂರಿನ ಹೆಣ್ಣುಮಕ್ಕಳ ಅಕ್ಷರದ ಕಥೆಯನ್ನು ಈ ಸಂಘಗಳನ್ನು ಬಿಟ್ಟು ಹೇಳಲಾಗದು, ಇದು ದೊಡ್ಡ ಗಳಿಕೆ. ಹಾಗೆಯೇ, ಕರಾವಳಿಯ ಕ್ರೈಸ್ತ ಸಮಾಜದಲ್ಲಿ ಮತಾಂತರದ ನಂತರವೂ ಜಾತಿಯ ಮೇಲು ಕೀಳು ಉಳಿದುಕೊಂಡಿತು. ಕಾನ್ವೆಂಟಿನ ಬಾಗಿಲು ಯಾರಿಗೆ ಬೇಗ ತೆರೆಯಿತು, ಯಾರಿಗೆ ತಡವಾಗಿ ತೆರೆಯಿತು ಎಂಬುದು ಇಲ್ಲಿನ ಜೂಬಿಲಿಗಳು ಎತ್ತಿಕೊಳ್ಳಬೇಕಾದ ಲೆಕ್ಕ.

ಅಮೆರಿಕದಲ್ಲಿ 1965ರಲ್ಲಿ ಸುಮಾರು 1,80,000 ಕನ್ಯಾಸ್ತ್ರೀಯರಿದ್ದರು. ಈಗ ಅವರ ಸಂಖ್ಯೆ 40,000ಕ್ಕಿಂತ ಕಡಿಮೆ. ಶಾಲೆಗಳನ್ನು ಗೃಹಸ್ಥ ಶಿಕ್ಷಕರು ನಡೆಸುತ್ತಿದ್ದಾರೆ, ಹ್ಯಾರಿಸನ್ನಿನ ಕಾಲೇಜಿನಂತೆ ಹಲವು ಸಂಸ್ಥೆಗಳು ಸಂಘದ ಕೈಬಿಟ್ಟು ಸ್ವತಂತ್ರವಾಗಿವೆ. ಕಟ್ಟಡ, ಹೆಸರು, ನಿಧಿ ಹಸ್ತಾಂತರವಾದಾಗ ಹಳೆಯ ಹೊಣೆಯೂ ಅವುಗಳ ಜೊತೆಗೆ ಹೋಗಬೇಕು. ಗ್ರಾಂಡ್ ಕೊಟೊದ ಶಾಲೆ ಇಂದಿಗೂ ನಡೆಯುತ್ತಿದೆ. ಅಲ್ಲಿನ ವಿದ್ಯಾರ್ಥಿವೇತನವನ್ನು ಮುಂದುವರಿಸುವ ಕೆಲಸ ಬರಬರುತ್ತ ವ್ರತ ತೊಡದವರ ಪಾಲಿಗೇ ಬರಲಿದೆ.